ತಕ್ಕಡಿ ಹಿಡಿದು ಸಾಕಿದ ಬೆಕ್ಕಿನ ಮರಿಗಳು

ತಾಯಿ ಬಿಟ್ಟ ಮರಿ, ಅದರ ಮೇಲೆ ಪುನರ್ವಸು ಮಳೆ. ಮೂಡಿಗೆರೆ ಕಡೆ ಇವೆರಡೂ ಸೇರಿದರೆ ಮರಿಯ ಆಸೆ ಬಿಟ್ಟಂತೆಯೇ. ಬೆಕ್ಕಿನ ಮರಿಗೂ ತಕ್ಕಡಿಯಾ ಅಂತ ನಕ್ಕವರಿಗೆ ಈಗ ಲೆಕ್ಕ ತೋರಿಸಬಹುದು: ಎರಡು ಮಳೆಗಾಲದಲ್ಲಿ ಕೈಗೆ ಬಂದ ಹನ್ನೊಂದರಲ್ಲಿ ಒಂಬತ್ತು ಉಳಿದಿವೆ. ಅದಕ್ಕೂ ಹಿಂದಿನ ಲೆಕ್ಕ ಹೇಳುವಂತಿಲ್ಲ.

ತಕ್ಕಡಿ ಅಂದರೆ 1 ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮುನ್ನೂರೈವತ್ತು ರೂಪಾಯಿ ಇರಬೇಕು. ಮೇಲೆ ಅಡಿಕೆ ಹಾಳೆಯ ತಟ್ಟೆ ಇಟ್ಟು ಸೊನ್ನೆ ಮಾಡಿದರೆ ಮರಿ ಜಾರುವುದಿಲ್ಲ. ಸೆಲ್ ಇಳಿದರೆ ತಕ್ಕಡಿ ಸುಳ್ಳು ಹೇಳುತ್ತದೆ. ಹತ್ತು ರೂಪಾಯಿ ನಾಣ್ಯ 7.71 ಗ್ರಾಂ, ಹತ್ತು ನಾಣ್ಯ ಇಟ್ಟಾಗ 77 ಬರದಿದ್ದರೆ ಸೆಲ್ ಬದಲಿಸಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಒದ್ದೆ ಹತ್ತಿಯಿಂದ ಒರೆಸಿ ಉಚ್ಚೆ ಮಾಡಿಸಿದ ಮೇಲೆ, ಹಾಲಿಗೆ ಮುಂಚೆ ತೂಗಬೇಕು. ನೂರು ಗ್ರಾಂ ಮರಿಯಲ್ಲಿ 3 ಗ್ರಾಂ ಉಚ್ಚೆ ಇದ್ದರೂ ಲೆಕ್ಕವೆಲ್ಲ ಹಾಳು.

ಹುಟ್ಟಿದಾಗ 90ರಿಂದ 110 ಗ್ರಾಂ, ದಿನಕ್ಕೆ 10ರಿಂದ 15 ಏರಿಕೆ, ಎರಡು ವಾರದೊಳಗೆ ಇಮ್ಮಡಿ, ನಾಲ್ಕನೇ ವಾರಕ್ಕೆ 400 ದಾಟಬೇಕು. ಒಂದು ದಿನ ಏರದಿದ್ದರೆ ಹಾಲಿನ ಸರದಿ ಹೆಚ್ಚಿಸುತ್ತೇನೆ. ಇಳಿದರೆ ಅವತ್ತೇ ಪಶುವೈದ್ಯರ ಹತ್ತಿರ. ಕಣ್ಣಿಗೆ ಮರಿ ಸೊರಗಿದ್ದು ಕಾಣುವ ಹೊತ್ತಿಗೆ ಒಂದು ದಿನ ಕೈತಪ್ಪಿರುತ್ತದೆ.

ಮೊದಮೊದಲು ಸೋತದ್ದು ಹಾಲಿನಲ್ಲಲ್ಲ, ಚಳಿಯಲ್ಲಿ. ಮೈ 35 ಡಿಗ್ರಿಗಿಂತ ಕೆಳಗಿದ್ದರೆ ಕರುಳು ನಡೆಯುವುದಿಲ್ಲ, ಕುಡಿಸಿದ ಹಾಲು ಹೊಟ್ಟೆಯಲ್ಲೇ ನಿಲ್ಲುತ್ತದೆ. ಬಾಯೊಳಗೆ ಕಿರುಬೆರಳಿಟ್ಟಾಗ ತಣ್ಣಗಿದ್ದರೆ ಹಾಲು ಬೇಡ, ಮೊದಲು ಶಾಖ, ಅದೂ ನಿಧಾನಕ್ಕೆ. ನಲವತ್ತು ವ್ಯಾಟ್ ಬಲ್ಬಿಗೆ ದುಡ್ಡು ಹಾಕಿ ಕೆಟ್ಟೆ. ಗಾಳಿ ಬೀಸಿದರೆ ಕರೆಂಟೇ ಇರುವುದಿಲ್ಲ. ಈಗ ಬಚ್ಚಲ ಹಂಡೆಯ ನೀರು ತುಂಬಿದ ಎರಡು ಬಾಟಲಿ, ಅದಕ್ಕೆ ಹಳೇ ಪಂಚೆ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ. ಇನ್ನೊಂದು ಬದಿ ತಣ್ಣಗಿರಲಿ, ಸೆಕೆಯಾದರೆ ಮರಿಯೇ ಸರಿದುಕೊಳ್ಳುತ್ತದೆ. ಗೋಣಿಚೀಲ ಹಾಸಿ ನೋಡಿದೆ, ಉಗುರು ಸಿಕ್ಕಿಕೊಳ್ಳುತ್ತದೆ.

ಹಸುವಿನ ಹಾಲು ಬೇಡವೇ ಬೇಡ. ಬೆಕ್ಕಿನ ಹಾಲಿನ ಅರ್ಧದಷ್ಟೂ ಪ್ರೋಟೀನ್ ಇಲ್ಲ, ಭೇದಿ ಬೇರೆ. ಮೇಕೆ ಹಾಲಿಗೆ ಮೊಟ್ಟೆಯ ಹಳದಿ ಕಲಸಿ ಒಂದು ಸಂಸಾರಕ್ಕೆ ಕೊಟ್ಟೆ: ಭೇದಿಯಾಗಲಿಲ್ಲ, ಏರಿಕೆ ಮಾತ್ರ ದಿನಕ್ಕೆ ಐದಾರು ಗ್ರಾಂ. ಮರಿಗಳಿಗೆಂದೇ ಬರುವ ಹಾಲಿನ ಪುಡಿಯಲ್ಲಿ ಅದೇ ಮರಿಗಳು ಹನ್ನೆರಡಕ್ಕೆ ಏರಿದವು. ಡಬ್ಬಿ ಸಾವಿರದ ಆಸುಪಾಸು; ನಾಲ್ಕು ಮರಿ ಮೂರು ವಾರ ದಾಟಲು ಎರಡು ಮೂರು ಡಬ್ಬಿ ಬೇಕು. ದುಬಾರಿಯೇ. ನೂರು ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 20 ಎಂಎಲ್, ಒಂದು ಸಲಕ್ಕೆ 4 ಮೀರಬಾರದು, ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ. ಬೋರಲು ಮಲಗಿಸಿಯೇ ಕುಡಿಸಿ. ಅಂಗಾತ ಹಿಡಿದು ಸಿರಿಂಜ್ ಒತ್ತಿದರೆ ಹಾಲು ಶ್ವಾಸಕೋಶಕ್ಕೆ; ಹೋದ ಎರಡರಲ್ಲಿ ಒಂದು ಹಾಗೆ ಹೋದದ್ದು. ಚೀಪದ ಮರಿಯನ್ನು ಚೀಪಿಸಲು ನನ್ನದೊಂದು ಕೈಚಳಕ ಇದೆ, ಅದು ಮನೆಗೆ ಬಂದವರಿಗೆ ಮಾತ್ರ.

ಹಾಲು ಸರಿಯಿದ್ದೂ ತೂಕ ನಿಂತರೆ ಒಸಡು ನೋಡಿ. ಬಿಳಿಚಿದ್ದರೆ ಚಿಗಟದ ಗುಮಾನಿ ಮೊದಲು, ಅಷ್ಟು ಸಣ್ಣ ಮೈಯ ರಕ್ತ ಚಿಗಟಕ್ಕೇ ಸಾಕಾಗುವುದಿಲ್ಲ. ಚಿಗಟದ ಬಾಚಣಿಗೆ ಹಿಡಿಯಿರಿ. ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ಬೆಕ್ಕಿಗೆ ವಿಷ. ಹೊಟ್ಟೆ ಉಬ್ಬಿ ಬೆನ್ನುಮೂಳೆ ಕೈಗೆ ಸಿಕ್ಕಿದರೆ ತಕ್ಕಡಿಯನ್ನೂ ನಂಬಬೇಡಿ, ಅದು ಹುಳುವಿನ ಹೊಟ್ಟೆ. ಹುಳುವಿನ ಔಷಧಿ ಪೈರಾಂಟೆಲ್ ಎರಡನೇ ವಾರದಿಂದಲೇ ಕೊಡಬಹುದು, ಎಷ್ಟು ಎಂಬುದನ್ನು ಆ ದಿನದ ತೂಕ ತೋರಿಸಿ ವೈದ್ಯರಿಂದ ಬರೆಸಿಕೊಳ್ಳಿ.

ನಾಲ್ಕನೇ ವಾರ ತಟ್ಟೆಗೆ ಹಚ್ಚುವಾಗ ಒಂದು ದಿನ ಏರಿಕೆ ನಿಂತೀತು, ಗಾಬರಿ ಬೇಡ. ಹಾಲನ್ನ ಬೇಡ, ಉಪ್ಪು ಮೀನೂ ಬೇಡ. ಬರೀ ಮಾಂಸ ತಿನ್ನಿಸಿದರೆ ಸುಣ್ಣದ ಅಂಶ ಸಾಲದೆ ಕಾಲು ಬಾಗುತ್ತವೆ. ಮರಿಗಳ ಆಹಾರವನ್ನೇ ಪುಡಿಹಾಲಿನಲ್ಲಿ ನೆನೆಸಿಡುತ್ತೇನೆ. ಎಂಟು ವಾರಕ್ಕೆ 800, 900 ಆದಮೇಲೆ ಹಾಳೆಯಲ್ಲಿ ಕೂರುವುದಿಲ್ಲ. ಸ್ಟೀಲ್ ಡಬರಿಗೆ ಹಾಕಿ ವಾರಕ್ಕೊಮ್ಮೆ ತೂಗಿದರೆ ಸಾಕು.