ಇ20 ಪೆಟ್ರೋಲ್ ಹಾಕುವ ಬೋಟಿನ ಎಂಜಿನ್ ಹಾಳಾಗದಂತೆ ನೋಡಿಕೊಳ್ಳೋದು ಹೇಗೆ?

ಬೈಕಿಗೆ ಹಾಕಿಸಿದ ಪೆಟ್ರೋಲ್ ವಾರದಲ್ಲಿ ಖಾಲಿ ಆಗುತ್ತದೆ. ಬೋಟಿನದು ಹಾಗಲ್ಲ. ಕೆಆರ್‌ಎಸ್ ಹಿನ್ನೀರಿನಲ್ಲೋ ಕಬಿನಿ ಹಿನ್ನೀರಿನಲ್ಲೋ ಸಣ್ಣದೊಂದು ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಸಿಕ್ಕಿಸುವ ಎಂಜಿನ್) ಇಟ್ಟುಕೊಂಡವರಿದ್ದಾರೆ, ರೆಸಾರ್ಟಿನವರಿದ್ದಾರೆ, ಡ್ಯಾಮಿಂದ ನೀರು ಬಿಟ್ಟು ಶ್ರೀರಂಗಪಟ್ಟಣದ ಕಡೆ ಹೊಳೆ ಏರಿದಾಗ ಮಾತ್ರ ಹೊರಗೆ ಬರುವ ರಕ್ಷಣಾ ಬೋಟುಗಳನ್ನು ನೋಡಿಕೊಳ್ಳುವವರಿದ್ದಾರೆ. ಇವರೆಲ್ಲರ ಎಂಜಿನ್ ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ. ಎಥನಾಲ್ ಬೆರೆತ ಪೆಟ್ರೋಲ್ (ಇ20 ಅಂದರೆ ಶೇಕಡಾ 20 ಎಥನಾಲ್ ಇರುವುದು) ಹೆಚ್ಚಾಗಿ ಕಾಟ ಕೊಡುವುದು ಹೀಗೆ ನಿಂತ ಎಂಜಿನ್ನಿಗೇ. ರಂಗನತಿಟ್ಟಿನ ದೋಣಿಗಳಿಗೆ ಈ ತಲೆನೋವಿಲ್ಲ ಬಿಡಿ, ಅಲ್ಲಿ ಹುಟ್ಟು ಹಾಕುವವರ ತೋಳೇ ಎಂಜಿನ್.

ಎಥನಾಲ್ ಬೇಡ ಅಂತ ವಾದ ಮಾಡಲು ಇದನ್ನು ಬರೆಯುತ್ತಿಲ್ಲ. ಕಬ್ಬಿನ ರಸ, ಕಾಕಂಬಿ, ಮುಸುಕಿನ ಜೋಳ, ಅಕ್ಕಿ, ಇವುಗಳಿಂದ ಮಾಡುವ ಸರಕು ಅದು. ಮಂಡ್ಯದಲ್ಲಿ ಕೂತು ಕಬ್ಬಿಗೆ ಇನ್ನೊಂದು ಗಿರಾಕಿ ಸಿಕ್ಕಿದ್ದನ್ನು ಯಾರು ಬೇಡ ಅನ್ನುತ್ತಾರೆ? 2022ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಬಿಡುಗಡೆ ಆಯಿತು. ಮೊದಲು 2030ಕ್ಕೆ ಅಂತಿದ್ದ ಶೇಕಡಾ 20ರ ಗುರಿಯನ್ನು ಹಿಂದಕ್ಕೆ ಎಳೆದುಕೊಂಡು, 2025ಕ್ಕೇ ಮುಟ್ಟಿಯೂ ಆಯಿತು. ಈಗ ಬಂಕಿನಲ್ಲಿ ಸಾದಾ ಪೆಟ್ರೋಲ್ ಅಂದರೆ ಇ20 ಅಂತಲೇ ತಿಳಿದುಕೊಳ್ಳಿ. ನಮ್ಮ ಎಂಜಿನ್ ಅದಕ್ಕೆ ತಯಾರಾಗಿದೆಯಾ ಅನ್ನೋದಷ್ಟೇ ಪ್ರಶ್ನೆ.

ಮೊದಲು ಮ್ಯಾನುಯಲ್ ತೆಗೆಯಿರಿ

ಯಮಹಾ, ಮರ್ಕ್ಯುರಿಯಂಥ ಔಟ್‌ಬೋರ್ಡ್‌ಗಳ ಮ್ಯಾನುಯಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಶೇಕಡಾ 10 ಎಥನಾಲ್. ಅಮೆರಿಕದಲ್ಲಂತೂ ಅದಕ್ಕಿಂತ ಜಾಸ್ತಿ ಎಥನಾಲ್ ಇರುವ ಪೆಟ್ರೋಲನ್ನು ಬೋಟಿಗೆ ಹಾಕುವುದೇ ಕಾನೂನಿಗೆ ವಿರುದ್ಧ. ನಿಮ್ಮ ಎಂಜಿನ್ ಹೊಸದಾಗಿದ್ದು ಇ20 ಆಗುತ್ತದೆ ಅಂತ ಮ್ಯಾನುಯಲ್ಲಿನಲ್ಲೇ ಬರೆದಿದ್ದರೆ ಅರ್ಧ ಚಿಂತೆ ಕಳೆಯಿತು. ಬರೆದಿಲ್ಲ ಅಂದರೆ, ಅಥವಾ ಸೆಕೆಂಡ್ ಹ್ಯಾಂಡ್ ತಗೊಂಡು ಮ್ಯಾನುಯಲ್ಲೇ ಇಲ್ಲ ಅಂದರೆ, ಮಿತಿ 10 ಅಂತಲೇ ಇಟ್ಟುಕೊಳ್ಳಿ. ವಾರಂಟಿ ಇರುವ ಎಂಜಿನ್ ಆದರೆ ಡೀಲರ್ ಹತ್ತಿರ ಬಾಯಲ್ಲಿ ಕೇಳಬೇಡಿ, ಬರವಣಿಗೆಯಲ್ಲಿ ಕೇಳಿ.

ಹಾಗಾದರೆ ಬಂಕಿನಲ್ಲಿ 20, ಎಂಜಿನ್ನಿಗೆ 10, ಏನು ಮಾಡುವುದು? ಒಂದು ದಾರಿ ಇದೆ. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಅದನ್ನೂ ಇ20ಯನ್ನೂ ಅರ್ಧಕ್ಕರ್ಧ ಬೆರೆಸಿದರೆ ಶೇಕಡಾ 10ಕ್ಕೆ ಬಂದು ನಿಲ್ಲುತ್ತದೆ. ದುಬಾರಿ 100 ಆಕ್ಟೇನ್ ಪೆಟ್ರೋಲಿನಲ್ಲಿ ಎಥನಾಲ್ ಇರಲ್ಲ ಅಂತ ಬಂಕಿನವರು ಹೇಳುವುದುಂಟು. ಹೇಳಲಿ, ನೀವು ಒಂದು ಸಲ ಪರೀಕ್ಷೆ ಮಾಡಿಯೇ ನಂಬಿ. ಆಕ್ಟೇನ್ ಅಂದರೆ ಎಂಜಿನ್ ಬಡಿಯದಂತೆ ತಡೆಯುವ ಪೆಟ್ರೋಲಿನ ಗುಣದ ಅಳತೆ, ಆ ಸಂಖ್ಯೆಗೂ ಎಥನಾಲ್ ಪ್ರಮಾಣಕ್ಕೂ ನೇರ ಸಂಬಂಧ ಇಲ್ಲ. 95 ಅಂತ ಬೋರ್ಡ್ ಇದ್ದರೆ ಅದು ಆಕ್ಟೇನ್ ಮಾತ್ರ, ಒಳಗೆ ಎಥನಾಲ್ ಎಷ್ಟಿದೆ ಅಂತ ಅದು ಹೇಳುವುದಿಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಗೆರೆ ಇರುವ 100 ಮಿಲಿಯ ಗಾಜಿನ ಅಳತೆ ಕೊಳವೆ ಸಿಗುತ್ತದೆ. 20ರ ಗೆರೆವರೆಗೆ ನೀರು ಹಾಕಿ. ಮೇಲೆ 70ರ ಗೆರೆವರೆಗೆ ಪೆಟ್ರೋಲ್ ಹಾಕಿ, ಅಂದರೆ 50 ಮಿಲಿ. ಬಾಯಿ ಮುಚ್ಚಿ ನಿಧಾನಕ್ಕೆ ಅಲ್ಲಾಡಿಸಿ. ನಡುನಡುವೆ ಮುಚ್ಚಳ ಸಡಿಲಿಸಿ ಆವಿ ಬಿಡಿ, ಆಮೇಲೆ ಹತ್ತು ನಿಮಿಷ ಸುಮ್ನೆ ಇಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರಿಕೊಳ್ಳುತ್ತದೆ, ಕೆಳಗಿನ ಪದರ ದಪ್ಪ ಆಗುತ್ತದೆ. ನೀರಿನ ಗೆರೆ 20ರಲ್ಲೇ ನಿಂತಿದ್ದರೆ ಎಥನಾಲ್ ಇಲ್ಲ. 25ರ ಹತ್ತಿರ ಬಂದರೆ ಇ10, 30ರ ಹತ್ತಿರ ಬಂದರೆ ಇ20. ಬಯಲಿನಲ್ಲಿ ಮಾಡಿ. ಅಕ್ಕಪಕ್ಕ ಬೀಡಿ, ಬೆಂಕಿ, ಒಲೆ ಯಾವುದೂ ಇರಬಾರದು.

ಇದನ್ನು ನೋಡಿದ ಮೇಲೆ ಕೆಲವರಿಗೆ ಒಂದು ಐಡಿಯಾ ಹೊಳೆಯುತ್ತದೆ: ಕ್ಯಾನಿಗೇ ನೀರು ಸುರಿದು ಎಥನಾಲ್ ತೆಗೆದುಬಿಟ್ಟರೆ ಆಯ್ತಲ್ಲ ಅಂತ. ದಯವಿಟ್ಟು ಬೇಡ. ಆಕ್ಟೇನ್ ಅನ್ನು ಮೇಲಕ್ಕೆ ಎತ್ತಿ ಹಿಡಿದಿರುವುದರಲ್ಲಿ ಎಥನಾಲ್ ಪಾಲೂ ಇದೆ, ಅದನ್ನು ತೆಗೆದರೆ ಉಳಿದದ್ದು ಕೀಳು ದರ್ಜೆಯ ಪೆಟ್ರೋಲ್. ಎಂಜಿನ್ ಬಡಿಯಲು ಶುರು ಮಾಡುತ್ತದೆ. ಜೊತೆಗೆ ಎಥನಾಲ್ ತುಂಬಿದ ಆ ಗಲೀಜು ನೀರನ್ನು ಎಲ್ಲಿ ಚೆಲ್ಲುತ್ತೀರಿ?

ನೀರು ಸೇರಿದರೆ ಏನಾಗುತ್ತದೆ

ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರು ಸೇರಿದರೆ ಅದನ್ನು ಹಿಡಿದಿಟ್ಟುಕೊಂಡು ಪೆಟ್ರೋಲ್ ಜೊತೆಗೇ ಉರಿದುಹೋಗುತ್ತದೆ. ಇದು ಒಳ್ಳೆಯದೇ. ಆದರೆ ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇ10ರಲ್ಲಿ ಆ ಮಿತಿ ಸುಮಾರು ಶೇಕಡಾ ಅರ್ಧ. ಇ20 ಇನ್ನೂ ಸ್ವಲ್ಪ ಜಾಸ್ತಿ ನೀರು ತಡೆಯುತ್ತದೆ, ಆದರೆ ಒಡೆದರೆ ತಳದ ಪದರವೂ ದೊಡ್ಡದು. 10 ಲೀಟರ್ ಕ್ಯಾನಿನಲ್ಲಿ 2 ಲೀಟರ್ ಎಥನಾಲ್ ಇದೆ, ಬಹುಪಾಲು ಕೆಳಗೆ ಬರುತ್ತದೆ. ಎಂಜಿನ್ನಿಗೆ ಹೋಗುವ ಪೈಪು ಎಳೆಯುವುದು ತಳದಿಂದಲೇ ಅಲ್ವಾ? ಪೆಟ್ರೋಲಿಗೇ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಎಂಜಿನ್ ಆದರೆ ಇನ್ನೂ ಕೆಟ್ಟದು. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಕೆಳಗಿನ ಪದರದಲ್ಲಿ ಜಿಡ್ಡೇ ಇರುವುದಿಲ್ಲ. ಅದರ ಮೇಲೆ ಎಂಜಿನ್ ಓಡಿದರೆ ಪಿಸ್ಟನ್ ಸೀಜ್, ಅಂದರೆ ಕಚ್ಚಿಕೊಂಡು ನಿಂತುಬಿಡುತ್ತದೆ.

ಗಾಳಿಯಲ್ಲಿರುವ ತೇವವೇ ಎಲ್ಲಕ್ಕೂ ಕಾರಣ ಅಂತ ಜನ ಹೇಳುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಗಾಳಿಯಿಂದ ತೇವ ಎಳೆದುಕೊಳ್ಳುವುದು ನಿಜ, ಆದರೆ ತುಂಬಾ ನಿಧಾನ. ಪದರ ಒಡೆಯುವಷ್ಟು ನೀರು ಸಾಮಾನ್ಯವಾಗಿ ಬರುವುದು ಬೇರೆ ಕಡೆಯಿಂದ. ವಾಷರ್ ಸವೆದ ಮುಚ್ಚಳ, ಮಳೆಗೆ ಬಯಲಲ್ಲಿ ಬಿಟ್ಟ ಕ್ಯಾನು, ಒದ್ದೆ ಫನಲ್, ಅಲೆ ಬಂದು ಬಡಿದಾಗ ಗಾಳಿಕಿಂಡಿಯಿಂದ ಒಳಗೆ ಹೋಗುವ ನೀರು. ಮುಚ್ಚಳದ ಓ-ರಿಂಗ್ ಬದಲಾಯಿಸಲು ಆಗುವ ಖರ್ಚು ನೋಡಿದರೆ ಇದನ್ನು ಬಿಟ್ಟು ಬೇರೆಲ್ಲ ಮಾಡುವುದು ದಡ್ಡತನ. ಎಂಜಿನ್ ನಿಲ್ಲಿಸಿದ ಮೇಲೆ ಕ್ಯಾನಿನ ಗಾಳಿ ತಿರುಪು ಮುಚ್ಚಿ. ಓಡಿಸುವಾಗ ತೆರೆಯಲು ಮರೆಯಬೇಡಿ, ಇಲ್ಲದಿದ್ದರೆ ಸ್ವಲ್ಪ ದೂರ ಹೋಗಿ ಹಿನ್ನೀರಿನ ನಡುವೆ ಎಂಜಿನ್ ಆರಿಹೋಗುತ್ತದೆ.

ಪೈಪು, ಟ್ಯಾಂಕು, ಫಿಲ್ಟರ್

ಹಳೆ ಟ್ಯಾಂಕಿಗೆ ಮೊದಲ ಸಲ ಇ20 ಬಿದ್ದಾಗ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಗೋಂದಿನಂಥ ಕೊಳೆಯನ್ನು ಎಥನಾಲ್ ಬಿಡಿಸುತ್ತದೆ. ಅದು ನೇರ ಫಿಲ್ಟರಿಗೂ ಜೆಟ್ಟಿಗೂ (ಕಾರ್ಬೊರೇಟರಿನಲ್ಲಿ ಇಂಧನ ಹಾಯುವ ಸಣ್ಣ ತೂತು) ಬಂದು ಕೂರುತ್ತದೆ. ಹಾಗಾಗಿ ಮೊದಲು ಟ್ಯಾಂಕು ಖಾಲಿ ಮಾಡಿ, ತೊಳೆದು, ಒಣಗಿಸಿ. ಹೊಸ ಫಿಲ್ಟರ್ ಹಾಕಿ, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ, ಯಾಕೆಂದರೆ ಮೊದಲ ಎರಡು ಮೂರು ಟ್ಯಾಂಕಿನಲ್ಲಿ ಅದು ಕಟ್ಟಿಕೊಳ್ಳುವ ಸಾಧ್ಯತೆ ಜಾಸ್ತಿ. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸಿದರೆ ಒಳ್ಳೆಯದು. ತಳದಲ್ಲಿ ಪಾರದರ್ಶಕ ಬಟ್ಟಲು ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ನೀರು ಬಂದಿದೆಯಾ ಅಂತ ಕಣ್ಣಲ್ಲೇ ನೋಡಬಹುದು. ಆದರೆ ಅದು ಬಿಡಿ ನೀರನ್ನು ಮಾತ್ರ ಹಿಡಿಯುತ್ತದೆ. ತಳದಲ್ಲಿ ಲೀಟರುಗಟ್ಟಲೆ ಪದರ ಕೂತಿದ್ದರೆ ಯಾವ ಫಿಲ್ಟರ್ ಕಾಯುತ್ತದೆ?

ಹಳೆ ರಬ್ಬರ್ ಪೈಪುಗಳು ಎಥನಾಲ್ ತಾಗಿ ಉಬ್ಬುತ್ತವೆ, ಆಮೇಲೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಪೈಪನ್ನು ಬಗ್ಗಿಸಿ ನೋಡಿ. ಬನಿಯನ್ ಬಟ್ಟೆಯಲ್ಲಿ ಒರೆಸಿದಾಗ ಪೆಟ್ರೋಲ್ ವಾಸನೆ ಅಂಟಿದರೆ ಆ ಪೈಪು ಮುಗಿಯಿತು. ಪೈಪಿನ ನಡುವೆ ಇಂಧನ ತುಂಬಿಸಲು ಕೈಯಲ್ಲಿ ಒತ್ತುವ ರಬ್ಬರ್ ಉಂಡೆ, ಅಂದರೆ ಪ್ರೈಮರ್ ಬಲ್ಬ್, ಎಷ್ಟು ಒತ್ತಿದರೂ ಗಟ್ಟಿ ಆಗದಿದ್ದರೆ ಅದರ ವಾಲ್ವನ್ನೂ ನೋಡಿ, ಜೋಡಣೆಗಳಲ್ಲಿ ಎಲ್ಲಾದರೂ ಗಾಳಿ ಎಳೆಯುತ್ತಿದೆಯಾ ಅಂತಲೂ ನೋಡಿ. ಬದಲಾಯಿಸುವಾಗ ಬೋಟಿಗಂತಲೇ ಮಾಡಿದ ಪೈಪು ಕೇಳಿ. ಓ-ರಿಂಗ್ ವಿಟಾನ್ (ಇಂಧನ ತಡೆಯುವ ರಬ್ಬರ್) ಇರುವುದು ಕೇಳಿ. ಬೈಕಿನ ಪೈಪು ಕಡಿಮೆಗೆ ಸಿಗುತ್ತದೆ ಅಂತ ಹಾಕಬೇಡಿ. ಬೈಕಿನಲ್ಲಿ ಸೋರಿದರೆ ಗಾಳಿಗೆ ಹೋಗುತ್ತದೆ. ಬೋಟಿನಲ್ಲಿ ಹಾಗಲ್ಲ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂತುಬಿಡುತ್ತದೆ, ಒಂದು ಕಿಡಿ ಸಾಕು.

ಹಳೆಯ ಫೈಬರ್ ಟ್ಯಾಂಕ್ ದೋಣಿಯಲ್ಲೇ ಸೇರಿಸಿ ಕಟ್ಟಿದ್ದರೆ ಇನ್ನೊಂದು ಅಪಾಯ ಇದೆ. ಫೈಬರನ್ನು ಹಿಡಿದಿಡುವ ಕೆಲವು ಹಳೆ ರೆಸಿನ್‌ಗಳನ್ನು ಎಥನಾಲ್ ಕರಗಿಸುತ್ತದೆ, ಕರಗಿದ್ದು ಎಂಜಿನ್ನಿನ ವಾಲ್ವುಗಳ ಮೇಲೆ ಕಪ್ಪಾಗಿ ಅಂಟುತ್ತದೆ. ಅಂಥ ಟ್ಯಾಂಕಿನ ಸಹವಾಸ ಬಿಟ್ಟು, ಹೊರಗೆ ಇಡುವ ಕ್ಯಾನಿಗೆ ಬದಲಾಯಿಸಿಕೊಳ್ಳಿ.

ಓಡಿಸುವಾಗ

ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇ20ಯಲ್ಲಿ ಒಟ್ಟಾರೆ ಶೇಕಡಾ 6-7ರಷ್ಟು ಕಡಿಮೆ ಆಗುತ್ತದೆ. ಅಷ್ಟು ಇಂಧನ ಜಾಸ್ತಿ ಇಟ್ಟುಕೊಂಡೇ ಹೊರಡಿ. ಅದಕ್ಕಿಂತ ಮುಖ್ಯ ಎಂದರೆ ಎಥನಾಲಿನಲ್ಲೇ ಆಮ್ಲಜನಕ ಇದೆ. ಇಂಜೆಕ್ಷನ್ ಎಂಜಿನ್ನಿನಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ ಅದು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ಕಾರ್ಬೊರೇಟರಿಗೆ ಅದೆಲ್ಲ ಗೊತ್ತಾಗುವುದಿಲ್ಲ, ಇಂಧನ ಕಡಿಮೆ ಗಾಳಿ ಜಾಸ್ತಿ ಆಗಿ ಎಂಜಿನ್ ಬಿಸಿಯಾಗಿ ಓಡುತ್ತದೆ. ಥ್ರಾಟಲ್ ಕೊಟ್ಟಾಗ ತಡವರಿಸಿದರೆ, ಕಾರ್ಬೊರೇಟರಿನಲ್ಲಿ ಸೀನಿದಂತೆ ಶಬ್ದ ಬಂದರೆ, ಪ್ಲಗ್ ಬಿಚ್ಚಿದಾಗ ಕಂದು ಬಣ್ಣದ ಬದಲು ಬಿಳಿಚಿಕೊಂಡಿದ್ದರೆ ಅದೇ ಗುರುತು. ಫುಲ್ ಥ್ರಾಟಲ್‌ನಲ್ಲಿ ತುಂಬಾ ಹೊತ್ತು ಓಡಿಸಬೇಡಿ. ದೊಡ್ಡ ಜೆಟ್ ಬೇಕಾ ಅಂತ ತಿಳಿದ ಮೆಕ್ಯಾನಿಕ್ ನಿರ್ಧರಿಸಲಿ.

ಪೆಟ್ರೋಲನ್ನು ವ್ಯಾಪಾರ ಜೋರಾಗಿರುವ ಬಂಕಿನಲ್ಲಿ ತಗೊಳ್ಳಿ, ಅಲ್ಲಿ ಸರಕು ಹಳತಾಗಲ್ಲ. ಒಂದೆರಡು ವಾರಕ್ಕೆ ಆಗುವಷ್ಟು ಸಾಕು. ಟೂ ಸ್ಟ್ರೋಕಿಗೆ 50:1 ಅಂತ ಮ್ಯಾನುಯಲ್ ಹೇಳಿದರೆ ಲೀಟರಿಗೆ 20 ಮಿಲಿ ಆಯಿಲ್. ಔಟ್‌ಬೋರ್ಡಿಗೆ ಟಿಸಿ-ಡಬ್ಲ್ಯೂ3 ದರ್ಜೆಯದೇ ಬೇಕು, ಬೈಕಿನ ಟೂ ಟಿ ಆಯಿಲ್ ಅಲ್ಲ.

ತಿಂಗಳುಗಟ್ಟಲೆ ನಿಲ್ಲಿಸುವಾಗ

ಕಾರ್ಬೊರೇಟರ್ ಇದ್ದರೆ ಅದರ ತಳದಲ್ಲಿ ಇಂಧನ ನಿಲ್ಲುವ ಬಟ್ಟಲಿನ, ಅಂದರೆ ಫ್ಲೋಟ್ ಬೌಲಿನ, ತಿರುಪು ಬಿಚ್ಚಿ ಇಂಧನ ಪೂರ್ತಿ ಇಳಿಸಿ. ಪೈಪು ಕಳಚಿ ತಾನಾಗೇ ಆರುವವರೆಗೆ ಓಡಿಸುವುದು ಹಲವರ ರೂಢಿ. ಅದರಿಂದ ಬೌಲಿನ ತಳದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ, ಒಣಗಿ ಜೆಟ್ ಮುಚ್ಚಲು ಅಷ್ಟು ಸಾಕು. ಟೂ ಸ್ಟ್ರೋಕಿನಲ್ಲಿ ಕೊನೆಯ ಕ್ಷಣಗಳಲ್ಲಿ ಆಯಿಲೂ ಸಿಗಲ್ಲ. ಹಾಗಾಗಿ ತಿರುಪೇ ಉತ್ತಮ. ಇಂಜೆಕ್ಷನ್ ಎಂಜಿನ್ನನ್ನು ಮಾತ್ರ ಖಾಲಿ ಓಡಿಸಲೇಬೇಡಿ, ಪಂಪಿಗೆ ಪೆಟ್ಟು. ಅದರ ಮ್ಯಾನುಯಲ್ ಹೇಳಿದಂತೆ ನಡೆಯಿರಿ. ದಡದಲ್ಲಿ ಎಂಜಿನ್ ಶುರು ಮಾಡುವಾಗ ಡ್ರಮ್ಮಿನಲ್ಲಿ ನೀರು ತುಂಬಿ ಕೆಳಭಾಗ ಮುಳುಗಿಸಿ, ನೀರಿಲ್ಲದೆ ಓಡಿಸಿದರೆ ಎಂಜಿನ್ ತಣಿಸಲು ನೀರೆಳೆಯುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ನಿಮಿಷದಲ್ಲೇ ಸುಟ್ಟುಹೋಗುತ್ತದೆ.

ಕ್ಯಾನಿನಲ್ಲಿ ಉಳಿದ ಪೆಟ್ರೋಲ್ ಆಯಿಲ್ ಬೆರೆಸದ್ದಾಗಿದ್ದು ತಿಳಿಯಾಗಿದ್ದರೆ ಇ20ಗೆ ಹೊಂದುವ ಬೈಕಿಗೋ ಕಾರಿಗೋ ಹಾಕಿ ಮುಗಿಸಿ. ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ದೋಣಿಯಲ್ಲೇ ಕಟ್ಟಿದ ದೊಡ್ಡ ಟ್ಯಾಂಕ್ ಆದರೆ ಖಾಲಿ ಮಾಡುವುದು ಕಷ್ಟ. ಉಬ್ಬಲು ಸ್ವಲ್ಪ ಜಾಗ ಬಿಟ್ಟು ಬಹುತೇಕ ತುಂಬಿಸಿ, ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು. ತುಂಬುವ ಮೊದಲೇ ಸ್ಟೆಬಿಲೈಸರ್ ಹಾಕಿ, ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿ ಒಳಗೆಲ್ಲ ತಲುಪಿಸಿ. ಸ್ಟೆಬಿಲೈಸರ್ ಪೆಟ್ರೋಲ್ ಹಳಸುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಒಡೆದ ಪದರಗಳನ್ನು ಮತ್ತೆ ಕೂಡಿಸುತ್ತೇವೆ ಅಂತ ಮಾರುವ ಬಾಟಲಿಗಳಿಗೆ ದುಡ್ಡು ಸುರಿಯಬೇಡಿ, ಯಾವುದೂ ಆ ಕೆಲಸ ಮಾಡುವುದಿಲ್ಲ.

ರಕ್ಷಣೆಗಂತ ಇಟ್ಟ ಬೋಟುಗಳ ಕಥೆ ಬೇರೆ. ಅವು ಯಾವ ದಿನ ಬೇಕಾದರೂ ಹೊರಡಬೇಕು, ಆದ್ದರಿಂದ ಕ್ಯಾನು ಖಾಲಿ ಇಡುವ ಹಾಗಿಲ್ಲ. ಅಲ್ಲಿ ಕ್ಯಾನಿನ ಮೇಲೆ ತುಂಬಿಸಿದ ತಾರೀಕು ಬರೆದ ಚೀಟಿ ಅಂಟಿಸಿ, ತಿಂಗಳಿಗೊಮ್ಮೆ ಹಳೆಯದನ್ನು ಬೇರೆ ಗಾಡಿಗೆ ಹಾಕಿ ಹೊಸದು ತುಂಬಿಸುವುದನ್ನು ಒಬ್ಬರ ಹೆಸರಿಗೇ ಒಪ್ಪಿಸಿ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ. ಆಯಿಲನ್ನು ಮೊದಲೇ ಬೆರೆಸಿಡದೆ, ಅಳತೆ ಮಾಡಿದ ಬಾಟಲಿಯಲ್ಲಿ ಪಕ್ಕದಲ್ಲೇ ಇಟ್ಟರೆ ಹೊರಡುವಾಗ ಸುರಿದು ಕುಲುಕಿದರಾಯಿತು, ಹಳೆ ಪೆಟ್ರೋಲೂ ವ್ಯರ್ಥವಾಗಲ್ಲ.

ಪೆಟ್ರೋಲ್ ಒಡೆದಿದೆ ಅಂತ ಅನುಮಾನ ಬಂದರೆ ತಳದಿಂದ ಸ್ವಲ್ಪ ತೆಗೆದು ಗಾಜಿನ ಲೋಟದಲ್ಲಿಟ್ಟು ಬೆಳಕಿಗೆ ಹಿಡಿಯಿರಿ. ಮಬ್ಬಾಗಿದ್ದರೆ ಅಥವಾ ಎರಡು ಪದರ ಕಂಡರೆ ಮೇಲಿನದು ಚೆನ್ನಾಗಿದೆಯಲ್ಲ ಅಂತ ಬಸಿದು ಬಳಸಬೇಡಿ, ಅದರ ಆಕ್ಟೇನ್ ಇಳಿದಿರುತ್ತದೆ. ಟ್ಯಾಂಕು, ಪೈಪು, ಬೌಲು ಎಲ್ಲ ಖಾಲಿ ಮಾಡಿ ಒಣಗಿಸಿ, ಫಿಲ್ಟರ್ ಬದಲಾಯಿಸಿ. ತೆಗೆದ ಇಂಧನವನ್ನು ಹೊಳೆಗೂ ನಾಲೆಗೂ ಚರಂಡಿಗೂ ಸುರಿಯಬೇಡಿ. ಬಿಗಿ ಮುಚ್ಚಳದ ಲೋಹದ ಡಬ್ಬದಲ್ಲಿ ತುಂಬಿ, ಹಳೆ ಆಯಿಲ್ ಒಪ್ಪಿಸುವ ವ್ಯವಸ್ಥೆ ಇರುವ ಸರ್ವಿಸ್ ಸೆಂಟರಿನಲ್ಲಿ ಕೇಳಿ ನೋಡಿ.

ಬೋಟ್ ಇಲ್ಲದಿದ್ದರೂ ಗದ್ದೆ ಬದುವಿನ ಕಳೆ ಹೊಡೆಯುವ ಮೆಷಿನ್, ಪೆಟ್ರೋಲ್ ಪಂಪ್‌ಸೆಟ್, ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರ್ ಇದ್ದವರಿಗೂ ಇದೆಲ್ಲ ಹೆಚ್ಚುಕಡಿಮೆ ಹೀಗೇ ಅನ್ವಯ. ಅವೂ ಹಂಗಾಮು ಮುಗಿದ ಮೇಲೆ ಕೊಟ್ಟಿಗೆ ಮೂಲೆಯಲ್ಲಿ ತುಂಬಿದ ಟ್ಯಾಂಕಿನ ಜೊತೆ ಕೂರುತ್ತವೆ. ಆಯಿಲ್ ಮಾತ್ರ ಬೇರೆ: ಗಾಳಿಯಿಂದ ತಣ್ಣಗಾಗುವ ಆ ಎಂಜಿನ್ನುಗಳಲ್ಲಿ ಟೂ ಸ್ಟ್ರೋಕ್ ಆದವಕ್ಕೆ ಬೋಟಿನ ಟಿಸಿ-ಡಬ್ಲ್ಯೂ3 ಹಾಕಬೇಡಿ, ಡಬ್ಬದ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಅಂತ ಇರುವುದನ್ನು ಕೇಳಿ ತಗೊಳ್ಳಿ.