ಹಳ್ಳದ ಹೂಳು, ಹಳ್ಳದ ನೀರು: ರಾಯಚೂರು ಸೀಮೆಯಲ್ಲಿ ಯುರೇನಿಯಂ ಶೋಧಕ್ಕಾಗಿ ಮಾದರಿ ಸಂಗ್ರಹಿಸುವ ಕ್ರಮ

ಹಳ್ಳದ ಪಾತ್ರದಿಂದ ತೆಗೆದ ಒಂದು ಬೊಗಸೆ ಹೂಳಿನಲ್ಲಿ ಆ ಹಳ್ಳದ ಮೇಲ್ಭಾಗದ ಇಡೀ ಜಲಾನಯನ ಪ್ರದೇಶದ ಬಂಡೆಗಳು ಸವೆದು, ಬೆರೆತು ಬಂದಿರುತ್ತವೆ. ಅದೇ ಹಳ್ಳದ ನೀರು ಆ ಬಂಡೆಗಳಿಂದ ಕರಗಿದ್ದನ್ನು ಹೊತ್ತಿರುತ್ತದೆ. ನೂರಾರು ಚದರ ಕಿಲೋಮೀಟರ್ ಸೀಮೆಯಲ್ಲಿ ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕುವುದು ವ್ಯರ್ಥ ಎಂಬುದನ್ನು ಕಡಿಮೆ ಖರ್ಚಿನಲ್ಲಿ ತಿಳಿಯಲು ಈ ಎರಡನ್ನೂ ಒಟ್ಟಿಗೆ ಸಂಗ್ರಹಿಸಿ ಪರೀಕ್ಷಿಸುವುದು ಹಳೆಯ ಮತ್ತು ನಂಬಿಕೆಗೆ ಯೋಗ್ಯವಾದ ವಿಧಾನ.

ಕೃಷ್ಣಾ ನದಿಯ ಆಚೆ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಭೀಮಾ ಶಿಲಾದ್ರೋಣಿಯ ಸುಣ್ಣದ ಕಲ್ಲು ಮತ್ತು ಅದರ ತಳದ ಗ್ರಾನೈಟ್‌ಗಳಲ್ಲಿ, ಸ್ತರಭಂಗವೊಂದರ (ಬಂಡೆಗಳು ಸೀಳಿ ಸರಿದ ಬಿರುಕಿನ) ಉದ್ದಕ್ಕೆ, ಪರಮಾಣು ಖನಿಜ ನಿರ್ದೇಶನಾಲಯವು ಯುರೇನಿಯಂ ನಿಕ್ಷೇಪವನ್ನು ಗುರುತಿಸಿದೆ. ನದಿಯ ಈಚೆಗೆ, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್‌ನಲ್ಲಿ, ನೈಸ್ ಮತ್ತು ಗ್ರಾನೈಟ್ ಬಂಡೆಗಳೇ ಹೆಚ್ಚು. ಹಟ್ಟಿ–ಮಸ್ಕಿಯ ಚಿನ್ನದ ಪಟ್ಟಿ, ಕೊಪ್ಪಳದ ಸೈಯನೈಟ್, ಕೊಪ್ಪಳ–ಬಳ್ಳಾರಿ ಸೀಮೆಯನ್ನು ದಾಟಿ ದಕ್ಷಿಣಕ್ಕೆ ಸಾಗುವ ಕ್ಲೋಸ್‌ಪೇಟೆ ಗ್ರಾನೈಟ್ ಇವೆಲ್ಲ ಅವುಗಳ ನಡುವೆ ಬರುತ್ತವೆ. ಭೂಮಿಯ ಮೇಲ್ಪದರದ ಸರಾಸರಿ ಯುರೇನಿಯಂ ಸುಮಾರು 2.7 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 2.7 ಭಾಗ), ಸಾಮಾನ್ಯ ಗ್ರಾನೈಟ್‌ನಲ್ಲಿ ಅದು 4 ಅಥವಾ 5 ಇರುವುದೂ ಸಹಜ. ಆದ್ದರಿಂದ ಇಲ್ಲಿ ಯುರೇನಿಯಂ ಇದೆಯೇ ಎಂಬ ಪ್ರಶ್ನೆಗೆ ಅರ್ಥವಿಲ್ಲ, ಎಲ್ಲ ಕಡೆಯೂ ಇದೆ. ಆಯಾ ಬಂಡೆಯ ಸಹಜ ಮಟ್ಟಕ್ಕಿಂತ ಎಲ್ಲಿ ಹೆಚ್ಚಾಗಿದೆ ಎಂಬುದನ್ನು ನಾವು ಹುಡುಕಬೇಕು. ಯುರೇನಿಯಂ ಪರಮಾಣು ಖನಿಜವಾಗಿರುವುದರಿಂದ ಅದರ ಶೋಧವನ್ನು ಯಾರೂ ತಮ್ಮಿಷ್ಟದಂತೆ ಕೈಗೊಳ್ಳುವಂತಿಲ್ಲ. ಸಂಸ್ಥೆಯೊಂದರ ಪರವಾಗಿ, ಅನುಮತಿಯೊಂದಿಗೆ ಹೊಲಕ್ಕಿಳಿಯುವ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಉದ್ದೇಶಿಸಿ ಇದನ್ನು ಬರೆಯುತ್ತಿದ್ದೇನೆ.

ನಕ್ಷೆಯ ಮೇಲೆ ಸ್ಥಳ ಗುರುತಿಸುವುದು

ಕೆಲಸ ಆರಂಭವಾಗುವುದು ಮೇಜಿನ ಮೇಲೆ. 1:50,000 ಪ್ರಮಾಣದ, ಹಳ್ಳ–ಗುಡ್ಡಗಳನ್ನೆಲ್ಲ ತೋರಿಸುವ ಟೊಪೊಶೀಟ್‌ಗಳನ್ನು ಹರಡಿಕೊಳ್ಳಿ. ಲಿಂಗಸುಗೂರಿನ ಕಡೆಗೆ 56ಡಿ, ರಾಯಚೂರಿನ ಕಡೆಗೆ 56ಎಚ್, ಕೊಪ್ಪಳ–ಬಳ್ಳಾರಿಗೆ 57ಎ ಸರಣಿಯ ಹಾಳೆಗಳು ಬೇಕಾಗುತ್ತವೆ. ಉಪನದಿಯಿಲ್ಲದೆ ಹುಟ್ಟುವ ಹಳ್ಳ ಮೊದಲ ದರ್ಜೆಯದು, ಅಂಥ ಎರಡು ಕೂಡಿದರೆ ಎರಡನೆಯ ದರ್ಜೆಯದು. ಮಾದರಿಯನ್ನು ಈ ಎರಡು ದರ್ಜೆಗಳ ಹಳ್ಳಗಳಿಂದಲೇ ತೆಗೆಯಬೇಕು, ಏಕೆಂದರೆ ದೊಡ್ಡ ಹಳ್ಳಕ್ಕೆ ಬರುವಷ್ಟರಲ್ಲಿ ಸಣ್ಣ ಮೂಲವೊಂದರ ಸುಳಿವು ಹತ್ತಾರು ಹಳ್ಳಗಳ ಹೂಳಿನಲ್ಲಿ ಕರಗಿಹೋಗಿರುತ್ತದೆ. ಸಂಗಮದಿಂದ 50ರಿಂದ 100 ಮೀಟರ್ ಮೇಲಕ್ಕೆ ಬಿಂದು ಇಡಿ. ದೊಡ್ಡ ಹಳ್ಳಕ್ಕೆ ಮಳೆಗಾಲದಲ್ಲಿ ಪ್ರವಾಹ ಬಂದಾಗ ಅದರ ಹೂಳು ಚಿಕ್ಕ ಹಳ್ಳದ ಬಾಯಿಯೊಳಗೆ ಹಿಂದಕ್ಕೆ ನುಗ್ಗಿ ಕೂತಿರುತ್ತದೆ. ಪ್ರಾದೇಶಿಕ ಹಂತದಲ್ಲಿ ಕೆಲವು ಚದರ ಕಿಲೋಮೀಟರಿಗೆ ಒಂದು ಮಾದರಿ ಸಾಕು.

ಸೇತುವೆ, ರಸ್ತೆ, ಊರು, ತಿಪ್ಪೆ, ಇಟ್ಟಿಗೆ ಭಟ್ಟಿ ಇವೆಲ್ಲದರ ಮೇಲ್ಭಾಗಕ್ಕೆ ಹೋಗಬೇಕೆಂಬುದು ಎಲ್ಲ ಕೈಪಿಡಿಗಳಲ್ಲೂ ಇರುವ ಮಾತು. ಈ ಸೀಮೆಯಲ್ಲಿ ಅದಕ್ಕೆ ಇನ್ನೂ ಕೆಲವನ್ನು ಸೇರಿಸಿಕೊಳ್ಳಬೇಕು: ಹಟ್ಟಿಯ ಸುತ್ತ ಗಣಿಯಿಂದ ಹೊರಬಿದ್ದ ಅದಿರುಪುಡಿ, ಶಕ್ತಿನಗರದ ಕಡೆ ಕಲ್ಲಿದ್ದಲಿನ ಹಾರುಬೂದಿ, ಸಂಡೂರಿನ ಕಡೆ ಕಬ್ಬಿಣದ ಅದಿರಿನ ಕೆಂಪು ದೂಳು. ಕಲ್ಲಿದ್ದಲಿನ ಬೂದಿಯಲ್ಲಿ ಸ್ವತಃ ಯುರೇನಿಯಂ ಇರುತ್ತದೆ; ಕಬ್ಬಿಣದ ಆಕ್ಸೈಡ್ ನೀರಿನಲ್ಲಿರುವ ಯುರೇನಿಯಂ ಅನ್ನು ತನ್ನ ಮೇಲೆ ಹಿಡಿದಿಟ್ಟುಕೊಳ್ಳುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಮೋಸಗಾರ ಕಾಲುವೆ. ನನ್ನ ಮೊದಲ ವರ್ಷದ ಕೆಲಸದಲ್ಲಿ ಸಿಂಧನೂರು ತಾಲ್ಲೂಕಿನ ಹಳ್ಳವೊಂದರಲ್ಲಿ ಬೇಸಿಗೆಯ ಹೊಸ್ತಿಲಲ್ಲೂ ಮೊಣಕಾಲುದ್ದ ನೀರು ಹರಿಯುತ್ತಿರುವುದನ್ನು ಕಂಡು, ಒಣಗಿದ ಹಳ್ಳಗಳಿಂದ ಬೇಸತ್ತಿದ್ದ ನಾನು ಸಂತೋಷದಿಂದ ಒಂದೇ ದಿನದಲ್ಲಿ 14 ಬಾಟಲಿ ತುಂಬಿದೆ. ದಂಡೆಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಅದು ಹಳ್ಳದ ನೀರಲ್ರೀ ಸರ, ಗದ್ದಿ ಬಸಿನೀರು. ಕಾಲುವಿ ಬಂದ್ ಮಾಡಿದ್ರ ಇಲ್ಲಿ ಹನಿ ನೀರೂ ಸಿಗಂಗಿಲ್ಲ" ಎಂದರು. ಆ 14 ಬಾಟಲಿಗಳು ಅಳೆದದ್ದು ಬಂಡೆಯನ್ನಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಯನ್ನು ದಾಟಿ ಬಂದ ಪಯಣವನ್ನು.

ಇದರಿಂದ ತಪ್ಪು ಎರಡೂ ದಿಕ್ಕಿಗೆ ಆಗುತ್ತದೆ ಎಂಬುದನ್ನು ಗಮನಿಸಬೇಕು. ನದಿಯ ತಿಳಿನೀರು ಬೆರೆತು ಸ್ಥಳೀಯ ಸುಳಿವು ತೆಳುವಾಗಬಹುದು. ರಂಜಕದ ಗೊಬ್ಬರವನ್ನು ತಯಾರಿಸುವ ಫಾಸ್ಫೇಟ್ ಶಿಲೆಯಲ್ಲಿ ಯುರೇನಿಯಂ ಇರುವುದರಿಂದ ಗೊಬ್ಬರದ ಮೂಲಕವೂ ಅಂಕಿ ಏರಬಹುದು. ಜೊತೆಗೆ ಗದ್ದೆಯಿಂದ ಇಳಿಯುವ ನೈಟ್ರೇಟ್ ಮತ್ತು ಬೈಕಾರ್ಬೊನೇಟ್‌ಗಳು ಮಣ್ಣಿನಲ್ಲಿ ಕದಲದೆ ಕೂತಿದ್ದ ಯುರೇನಿಯಂ ಅನ್ನು ಕರಗಿಸಿ ತರಬಲ್ಲವು. ಆದ್ದರಿಂದ ಟೊಪೊಶೀಟ್‌ನ ಮೇಲೆ ಮುಖ್ಯ ಕಾಲುವೆ, ಉಪಕಾಲುವೆ, ಬಸಿಗಾಲುವೆಗಳನ್ನು ಹೊಸ ಉಪಗ್ರಹ ಚಿತ್ರ ನೋಡಿ ಗುರುತಿಸಿ, ಹಳೆಯ ಹಾಳೆಯನ್ನೇ ನಂಬಬೇಡಿ. ಕಾಲುವೆಯ ಮೇಲ್ಭಾಗದಲ್ಲಿರುವ ಒಣಬೇಸಾಯದ ಭಾಗ ಮತ್ತು ಗುಡ್ಡದ ಬುಡದ ಹಳ್ಳಗಳನ್ನು ಮೊದಲು ಮುಗಿಸಿ. ಅಚ್ಚುಕಟ್ಟಿನೊಳಗೆ ಹೋಗಲೇಬೇಕಾದರೆ ಕಾಲುವೆಗೆ ನೀರು ನಿಲ್ಲಿಸುವ ದಿನವನ್ನು ಮೊದಲೇ ವಿಚಾರಿಸಿಕೊಂಡು, ಬಸಿನೀರು ಇಂಗಿದ ಮೇಲೆ ಹೋಗಿ. ಆಗಲೂ ಆ ಮಾದರಿಗಳಿಗೆ ಬೇರೆ ಗುರುತು ಇರಲಿ.

ಉಳಿದ ಕಡೆ ಮುಂಗಾರು ಮತ್ತು ಹಿಂಗಾರು ಮುಗಿದ ನಂತರ, ನವೆಂಬರ್‌ನಿಂದ ಫೆಬ್ರವರಿಯವರೆಗೆ, ಒಂದೇ ಹಂಗಾಮಿನಲ್ಲಿ ಎಲ್ಲವನ್ನೂ ಮುಗಿಸುವುದು ಒಳ್ಳೆಯದು. ಮಳೆಯ ಮರುದಿನದ ನೀರನ್ನೂ ಎರಡು ತಿಂಗಳು ಬತ್ತಿದ ನೀರನ್ನೂ ಒಂದೇ ನಕ್ಷೆಯಲ್ಲಿ ಹೋಲಿಸಲಾಗದು.

ಮೊದಲು ನೀರು, ಆಮೇಲೆ ಹೂಳು

ಹಳ್ಳದಲ್ಲಿ ಇಳಿಯುವಾಗ ಕೆಳಗಿನಿಂದ ಮೇಲಕ್ಕೆ ನಡೆಯಿರಿ ಮತ್ತು ನಿಮ್ಮ ಕಾಲು ಕದಡಿದ ನೀರು ಬಾಟಲಿಗೆ ಬಾರದಂತೆ ಹರಿವು ಬರುವ ಕಡೆಗೆ ಮುಖ ಮಾಡಿ ನಿಂತು ನೀರು ತುಂಬಿರಿ. ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಡಿ. ಪಾಲಿಥೀನ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಬೇಕು. ನಂತರ 0.45 ಮೈಕ್ರಾನ್ ಸೋಸುಪದರದ ಮೂಲಕ ಸೋಸಿದ ನೀರಿನಿಂದ ಎರಡು ಬಾಟಲಿ ತುಂಬಿ, ಒಂದಕ್ಕೆ ಅತಿಶುದ್ಧ ನೈಟ್ರಿಕ್ ಆಮ್ಲದ ಕೆಲವು ಹನಿ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಇಲ್ಲದಿದ್ದರೆ ಕರಗಿದ ಯುರೇನಿಯಂ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ನೈಟ್ರೇಟ್, ಕ್ಲೋರೈಡ್, ಸಲ್ಫೇಟ್, ಫ್ಲೋರೈಡ್‌ಗಳ ಪರೀಕ್ಷೆಗೆ ಇನ್ನೊಂದನ್ನು ಆಮ್ಲವಿಲ್ಲದೆ ತಣ್ಣಗಿನ ಪೆಟ್ಟಿಗೆಯಲ್ಲಿ ಇಡಿ. ಸೋಸದೆ ಆಮ್ಲ ಹಾಕಿದರೆ ತೇಲುವ ಜೇಡಿಯ ಕಣಗಳಿಂದಲೂ ಯುರೇನಿಯಂ ಕರಗಿ ಬರುತ್ತದೆ, ಆ ಅಂಕಿ ನೀರಿನದಲ್ಲ. ಎರೆನೆಲದ ಹಳ್ಳಗಳಲ್ಲಿ ಸೋಸುಪದರ ಬೇಗ ಕಟ್ಟಿಕೊಳ್ಳುವುದರಿಂದ ಎರಡು ಪಟ್ಟು ಪದರಗಳನ್ನು ಒಯ್ಯಿರಿ.

ತಾಪಮಾನ, ಪಿಎಚ್, ವಿದ್ಯುದ್ವಾಹಕತೆ ಮತ್ತು ಉತ್ಕರ್ಷಣ ವಿಭವವನ್ನು (ನೀರು ಎಷ್ಟು ಉತ್ಕರ್ಷಕ ಎಂಬುದರ ಅಳತೆ) ಸ್ಥಳದಲ್ಲೇ ಅಳೆಯಬೇಕು. ಕ್ಷಾರತೆಯನ್ನು ಅದೇ ಸಂಜೆ ಟೈಟ್ರೇಶನ್ ಮಾಡಿ ತಿಳಿಯಬೇಕು. ಕ್ಷಾರತೆಯನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ನನ್ನ ದೃಷ್ಟಿಯಲ್ಲಿ ಈ ಸೀಮೆಯಲ್ಲಿ ಅದು ಪಿಎಚ್‌ಗಿಂತಲೂ ಮುಖ್ಯ. ಗಾಳಿಯಾಡುವ ನೀರಿನಲ್ಲಿ ಯುರೇನಿಯಂ ಆರರ ವೇಲೆನ್ಸಿಗೆ ಏರಿ, ಬೈಕಾರ್ಬೊನೇಟ್ ಹೆಚ್ಚಿದ್ದಲ್ಲಿ ಕಾರ್ಬೊನೇಟ್ ಸಂಕೀರ್ಣವಾಗಿ ಸುಲಭವಾಗಿ ಕರಗಿ ದೂರ ಸಾಗುತ್ತದೆ. ಕೊಳೆತ ಎಲೆ, ಕಪ್ಪು ಕೆಸರು, ಆಮ್ಲಜನಕವಿಲ್ಲದ ಮಡು ಸಿಕ್ಕಿದರೆ ನಾಲ್ಕರ ವೇಲೆನ್ಸಿಗೆ ಇಳಿದು ಅಲ್ಲೇ ಕೂರುತ್ತದೆ. ನಮ್ಮ ಎರೆಹೊಲಗಳ ಮಣ್ಣಿನಲ್ಲಿ ಸುಣ್ಣದ ಹರಳು ಇರುವುದರಿಂದ ಅಲ್ಲಿಂದ ಬರುವ ನೀರು ಸ್ವಭಾವತಃ ಯುರೇನಿಯಂ ಅನ್ನು ಹೊರಬಲ್ಲ ನೀರು. ಅಂಥ ಹಳ್ಳದ ಲೀಟರಿಗೆ 10 ಮೈಕ್ರೋಗ್ರಾಂಗೂ ಕೆಂಪು ಮಸಾರಿ ನೆಲದ ಹಳ್ಳದ 10 ಮೈಕ್ರೋಗ್ರಾಂಗೂ ಅರ್ಥ ಒಂದೇ ಅಲ್ಲ.

ಹಳ್ಳ ಬತ್ತಿದ್ದರೆ ಉಸುಕಿನಲ್ಲಿ ಒರತೆ ತೋಡಿ, ಮೊದಲು ಬಂದ ಕದಡು ನೀರನ್ನು ಹೊರಹಾಕಿ, ತಿಳಿಯಾದ ಮೇಲೆ ತೆಗೆಯಬಹುದು. ಅದೂ ಇಲ್ಲದಿದ್ದರೆ ಹತ್ತಿರದ ಬಾವಿ ಅಥವಾ ಬೋರ್‌ವೆಲ್‌ನಿಂದ ತೆಗೆಯಿರಿ. ಪಂಪ್ ಹಚ್ಚಿ ವಿದ್ಯುದ್ವಾಹಕತೆ ಒಂದೇ ಅಂಕಿಯಲ್ಲಿ ನಿಲ್ಲುವವರೆಗೆ ನೀರು ಬಿಡಬೇಕು, ಟಾಕಿಯ ನೀರು ಬೇಡ. ಕೊಳವೆಯ ಆಳವನ್ನೂ ಎಷ್ಟು ಅಡಿಗೆ ನೀರು ಬಿತ್ತು ಎಂಬುದನ್ನೂ ಮಾಲೀಕರಿಂದ ಕೇಳಿ ಬರೆದುಕೊಳ್ಳಿ. ಬೋರ್‌ವೆಲ್ ನೀರನ್ನು ಹಳ್ಳದ ನೀರಿನೊಂದಿಗೆ ಒಂದೇ ಪಟ್ಟಿಯಲ್ಲಿ ಸೇರಿಸಬಾರದು.

ಈಗ ಹೂಳು. ದಂಡೆ ಕುಸಿದು ಬಿದ್ದ ಮಣ್ಣು ಹಳ್ಳದ್ದಲ್ಲ, ಆ ಹೊಲದ್ದು. ಬೇರು ನೇತಾಡುವ ಅಂಚನ್ನು ಬಿಟ್ಟು ಪಾತ್ರದ ನಡುವೆ, ಈಚಿನ ಹರಿವು ತಂದು ಹಾಕಿದ ಜಾಗಗಳನ್ನು ಆರಿಸಿಕೊಳ್ಳಿ. ಮೇಲಿನ ಕೆಲವು ಸೆಂಟಿಮೀಟರ್ ಒಣಪದರವನ್ನು ಪ್ಲಾಸ್ಟಿಕ್ ಕರಣೆಯಿಂದ ಸರಿಸಿ, 30ರಿಂದ 50 ಮೀಟರ್ ಉದ್ದದಲ್ಲಿ ಐದರಿಂದ ಹತ್ತು ಕಡೆ ಸಮನಾಗಿ ತೆಗೆದು ಒಟ್ಟುಗೂಡಿಸಿ, 2 ಮಿಲಿಮೀಟರ್ ನೈಲಾನ್ ಜರಡಿಯಲ್ಲಿ ಆಡಿಸಿ. ಹಿತ್ತಾಳೆಯ ಜರಡಿ ತಾಮ್ರ ಮತ್ತು ಸತುವಿನ ಅಂಕಿಗಳನ್ನು ಕೆಡಿಸುತ್ತದೆ. ಯುರೇನಿಯಂ ಅಂಟಿಕೊಳ್ಳುವುದು ಜೇಡಿ, ಕಬ್ಬಿಣ–ಮ್ಯಾಂಗನೀಸ್ ಆಕ್ಸೈಡ್ ಮತ್ತು ಸಾವಯವ ಅಂಶಕ್ಕೆ, ದಪ್ಪ ಉಸುಕಿಗಲ್ಲ. ಗ್ರಾನೈಟ್ ಸೀಮೆಯ ಹಳ್ಳಗಳಲ್ಲಿ ನುಣುಪು ಅಂಶ ತೀರಾ ಕಡಿಮೆ ಇರುವುದರಿಂದ 2 ಕಿಲೋ ತಂದರೂ ಪ್ರಯೋಗಾಲಯಕ್ಕೆ ಬೇಕಾದ 100 ಗ್ರಾಂ ಸಿಗದೆ ಹೋಗಬಹುದು. ಅಂಥಲ್ಲಿ ಬಂಡೆಯ ಮರೆಯಲ್ಲಿ, ನೀರು ನಿಧಾನವಾದಲ್ಲಿ ಕೂತ ನುಣುಪು ಹೂಳನ್ನು ಹುಡುಕಿ. ಆದರೆ ತಿರುವಿನ ಒಳಬದಿಯಲ್ಲಿ ಕಾಣುವ ಕಪ್ಪು ಉಸುಕಿನ ಗೆರೆಯನ್ನು ಬಾಚಿಕೊಳ್ಳಬೇಡಿ. ಅಲ್ಲಿ ಜಿರ್ಕಾನ್, ಮೋನಜೈಟ್‌ನಂಥ ಭಾರದ ಖನಿಜಗಳು ಸೇರಿ ಅಂಕಿಯನ್ನು ಸುಮ್ಮನೆ ಉಬ್ಬಿಸುತ್ತವೆ. ಬೇಕಿದ್ದರೆ ಅದನ್ನು ಬೇರೆ ಚೀಲದಲ್ಲಿ, ಬೇರೆ ಉದ್ದೇಶಕ್ಕೆ ತೆಗೆಯಿರಿ.

ಚೀಲದ ಹೊರಗೆ ಮಾರ್ಕರ್‌ನಲ್ಲಿ ಬರೆದದ್ದು ಜೀಪಿನ ಕುಲುಕಾಟ, ಬೆವರು, ಹಸಿಯಲ್ಲಿ ಅಳಿಸಿಹೋಗುತ್ತದೆ. ಸಂಖ್ಯೆಯನ್ನು ಪೆನ್ಸಿಲ್‌ನಿಂದ ಬರೆದ ಚೀಟಿಯೊಂದು ಪುಟ್ಟ ಪಾಲಿಥೀನ್‌ನಲ್ಲಿ ಚೀಲದ ಒಳಗೂ ಇರಲಿ. ಟಿಪ್ಪಣಿ ಪುಸ್ತಕದಲ್ಲಿ ಜಿಪಿಎಸ್ ಸ್ಥಾನ, ಹಳ್ಳದ ಅಗಲ, ಹರಿವು, ಹೂಳಿನ ಬಣ್ಣ, ದಂಡೆಯ ಬಂಡೆ, ಮೇಲ್ಭಾಗದ ಬೆಳೆ, ಕೊನೆಯ ಮಳೆ ಯಾವಾಗ, ಸಿಂಟಿಲೋಮೀಟರ್ (ವಿಕಿರಣ ಅಳೆಯುವ ಉಪಕರಣ) ಓದು ಇವೆಲ್ಲ ಇರಬೇಕು. ಪ್ರತಿ 20 ಬಿಂದುಗಳಿಗೊಮ್ಮೆ ಅದೇ ಜಾಗದಲ್ಲಿ ಎರಡನೆಯ ಮಾದರಿಯನ್ನೂ, ಶುದ್ಧ ನೀರನ್ನು ಅದೇ ಸೋಸುಪದರ ಮತ್ತು ಆಮ್ಲದ ಮೂಲಕ ಹಾಯಿಸಿದ ಖಾಲಿ ಮಾದರಿಯನ್ನೂ ಸೇರಿಸಿ. ಇವುಗಳ ಗುರುತು ಪ್ರಯೋಗಾಲಯಕ್ಕೆ ತಿಳಿಯಬಾರದು.

ಒಣಗಿಸುವುದು, ಅಳೆಯುವುದು, ಓದುವುದು

ಹೂಳನ್ನು ನೆರಳಲ್ಲಿ ಒಣಗಿಸಿ, ಮರದ ಕೊಡತಿಯಿಂದ ಹೆಂಟೆ ಬಿಡಿಸಿ (ಕಲ್ಲನ್ನು ಪುಡಿ ಮಾಡಬಾರದು), 120 ಮೆಶ್ (ಅಂಗುಲಕ್ಕೆ 120 ಕಣ್ಣುಗಳ) ಜರಡಿಯಲ್ಲಿ ಸೋಸಿ. ಪ್ರತಿ ಮಾದರಿಯ ನಂತರ ಜರಡಿ ಶುಚಿ ಮಾಡಬೇಕು. ನೀರಿನ ಯುರೇನಿಯಂ ಅನ್ನು ಅದು ಸೂಸುವ ಹೊಳಪನ್ನು ಅಳೆಯುವ ಫ್ಲೋರಿಮೀಟರ್‌ನಿಂದಲೂ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಐಸಿಪಿ-ಎಂಎಸ್‌ನಿಂದಲೂ ಅಳೆಯಬಹುದು. ಹೂಳಿನ ವಿಷಯದಲ್ಲಿ ಪ್ರಯೋಗಾಲಯಕ್ಕೆ ಸ್ಪಷ್ಟವಾಗಿ ಹೇಳಬೇಕಾದ್ದೊಂದಿದೆ: ಹೈಡ್ರೋಫ್ಲೋರಿಕ್ ಆಮ್ಲದಿಂದ ಪೂರ್ಣ ಕರಗಿಸಿದರೆ ಜಿರ್ಕಾನ್ ಮುಂತಾದವುಗಳೊಳಗೆ ಸಿಕ್ಕಿಕೊಂಡ ಯುರೇನಿಯಂ ಸಹ ಲೆಕ್ಕಕ್ಕೆ ಬರಬಹುದು, ಸೌಮ್ಯ ಆಮ್ಲದಿಂದ ತೊಳೆದರೆ ಕಣಗಳ ಮೇಲೆ ಅಂಟಿದ್ದು ಮಾತ್ರ ಬರುತ್ತದೆ. ಎರಡೂ ಅಂಕಿ ಇದ್ದರೆ ಒಳ್ಳೆಯದು. ಹಣ ಒಂದಕ್ಕೇ ಸಾಲುವುದಾದರೆ ಪೂರ್ಣ ವಿಶ್ಲೇಷಣೆಯ ಜೊತೆಗೆ ಥೋರಿಯಂ, ಜಿರ್ಕೋನಿಯಂ, ಕಬ್ಬಿಣ, ಮ್ಯಾಂಗನೀಸ್, ರಂಜಕಗಳನ್ನು ಕೇಳಿ. ಯುರೇನಿಯಂ ಮತ್ತು ಥೋರಿಯಂ ಜೊತೆಜೊತೆಯಾಗಿ ಏರಿದ್ದರೆ ಅದು ಹೆಚ್ಚಾಗಿ ಭಾರದ ಖನಿಜಗಳ ಆಟ. ಥೋರಿಯಂ ತನ್ನ ಮಟ್ಟದಲ್ಲೇ ಇದ್ದು ಯುರೇನಿಯಂ ಒಂದೇ ಏರಿದ್ದರೆ ಕುತೂಹಲ ಪಡಬೇಕು.

ನೀರಿನಲ್ಲಿ ಅಂಥದೇ ಪರೀಕ್ಷೆಯನ್ನು ವಿದ್ಯುದ್ವಾಹಕತೆಯಿಂದ ಮಾಡುತ್ತೇವೆ. ಬಿಸಿಲಿಗೆ ನೀರು ಆವಿಯಾಗಿ ಉಳಿದ ನೀರಿನಲ್ಲಿ ಎಲ್ಲ ಲವಣಗಳೂ ಸಾಂದ್ರವಾದಾಗ ಯುರೇನಿಯಂ ಕೂಡ ಏರುತ್ತದೆ. ಆದ್ದರಿಂದ ಯುರೇನಿಯಂ ಅನ್ನು ವಿದ್ಯುದ್ವಾಹಕತೆಯಿಂದ ಭಾಗಿಸಿ ಬರುವ ಅನುಪಾತದ ನಕ್ಷೆಯನ್ನೂ ಬರೆಯಿರಿ. ಅನುಪಾತವೂ ಮೇಲಿದ್ದು ನೈಟ್ರೇಟ್ ಕಡಿಮೆ ಇರುವ ಹಳ್ಳವೇ ಮೊದಲ ಆಯ್ಕೆ. ಇಡೀ ಜಿಲ್ಲೆಯ ಅಂಕಿಗಳಿಗೆ ಒಂದೇ ಸರಾಸರಿ ತೆಗೆದು ಗೆರೆ ಎಳೆಯುವ ಅಭ್ಯಾಸವಿದೆ. ಹಾಗೆ ಮಾಡಿದರೆ ನಕ್ಷೆಯಲ್ಲಿ ಗ್ರಾನೈಟ್ ಗುಡ್ಡಗಳೆಲ್ಲ ಕೆಂಪಾಗಿ, ಹಟ್ಟಿ–ಮಸ್ಕಿಯಂಥ ಹಸಿರುಕಲ್ಲಿನ ಪಟ್ಟಿಯಲ್ಲಿರುವ ನಿಜವಾದ ಏರಿಕೆ ಕಾಣದೇ ಹೋಗುತ್ತದೆ. ಬಂಡೆಯ ಪ್ರಕಾರ ಅಂಕಿಗಳನ್ನು ಬೇರ್ಪಡಿಸಿ, ಪ್ರತಿ ಗುಂಪಿನ ಸಹಜ ಮಟ್ಟವನ್ನು ಬೇರೆಯಾಗಿ ನಿಗದಿಪಡಿಸಿ. ನಕ್ಷೆಯಲ್ಲಿ ಬಿಂದುವಿಗಲ್ಲ, ಬಿಂದುವಿನ ಮೇಲಿನ ಜಲಾನಯನಕ್ಕೆ ಬಣ್ಣ ಹಾಕಬೇಕು.

ಈ ಕೆಲಸದಲ್ಲಿ ಊರವರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ನೀರು ಕುಡಿಯಬಹುದೇ? ವಿಶ್ವ ಆರೋಗ್ಯ ಸಂಸ್ಥೆ 2011ರಿಂದ ಕುಡಿಯುವ ನೀರಿಗೆ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ಸೂಚಿಸಿದೆ. ಜನ ಕುಡಿಯುವ ಬೋರ್‌ವೆಲ್‌ನಲ್ಲಿ ಅದಕ್ಕಿಂತ ಹೆಚ್ಚು ಬಂದರೆ, ಮರುಪರೀಕ್ಷೆಯಿಂದ ಖಚಿತಪಡಿಸಿಕೊಂಡು ಗ್ರಾಮ ಪಂಚಾಯಿತಿಗೂ ಕುಡಿಯುವ ನೀರಿನ ಇಲಾಖೆಗೂ ಲಿಖಿತವಾಗಿ ತಿಳಿಸಬೇಕು. ಶೋಧದ ದೃಷ್ಟಿಯಿಂದ ಆ ಅಂಕಿ ಆಸಕ್ತಿಕರವೋ ಅಲ್ಲವೋ ಎಂಬುದು ಆಗ ಎರಡನೆಯ ಮಾತು.

ಏರಿಕೆ ಕಂಡ ಹಳ್ಳಕ್ಕೆ ಮರಳಿ ಹೋದಾಗ 200ರಿಂದ 300 ಮೀಟರಿಗೊಂದು ಮಾದರಿಯಂತೆ ಮೇಲಕ್ಕೆ ನಡೆಯಿರಿ, ಪ್ರತಿ ಕವಲಿನ ಎರಡೂ ಬಾಯಿಗಳಲ್ಲಿ ತೆಗೆಯಿರಿ. ಅಂಕಿ ಏರುತ್ತಾ ಹೋಗಿ ಒಂದು ಬಿಂದುವಿನ ಮೇಲೆ ಥಟ್ಟನೆ ಸಹಜ ಮಟ್ಟಕ್ಕೆ ಬಿದ್ದರೆ, ಮೂಲವು ಆ ಎರಡು ಬಿಂದುಗಳ ನಡುವಿನ ಇಳಿಜಾರಿನಲ್ಲಿದೆ. ಅಲ್ಲಿಂದ ಮುಂದೆ ಬಾಟಲಿ, ಜರಡಿಗಳನ್ನು ಜೀಪಿಗೆ ಕಳಿಸಿ, ಸುತ್ತಿಗೆ ಮತ್ತು ಸಿಂಟಿಲೋಮೀಟರ್ ಹಿಡಿದು ಎರಡೂ ದಂಡೆಗಳನ್ನು ಹತ್ತಬೇಕು.