ಮಳೆ ನಿಂತ ಮೇಲೆ ಮನೆ ಮುಂದಿನ ಫುಟ್‌ಪಾತ್: ಯಾವುದು ನಮ್ಮ ಕೆಲಸ, ಮಾಡುವುದು ಹೇಗೆ?

ಬಾಸ್ಟನ್‌ನಲ್ಲಿರುವ ಅಕ್ಕನ ಮಗಳಿಗೆ ಜನವರಿಯಲ್ಲಿ ಫೋನ್ ಮಾಡಿದರೆ ಏದುಸಿರು ಬಿಡುತ್ತಿದ್ದಳು. "ಚಿಕ್ಕಮ್ಮ, ಆಮೇಲೆ ಮಾಡ್ತೀನಿ. ಮನೆ ಮುಂದೆ ಹಿಮ ಬಾಚ್ತಿದ್ದೀನಿ, ಇಲ್ಲಾಂದ್ರೆ ದಂಡ ಹಾಕ್ತಾರೆ" ಅಂದಳು. ಅಲ್ಲಿ ಹಿಮ ಬೀಳುವುದು ನಿಂತ ಮೂರು ಗಂಟೆಯೊಳಗೆ ಮನೆಯವರೇ ಕನಿಷ್ಠ 42 ಇಂಚು ಅಗಲದ ದಾರಿ ಬಿಡಿಸಬೇಕಂತೆ. ರಾತ್ರಿ ಬಿದ್ದರೆ ಸೂರ್ಯ ಹುಟ್ಟಿದ ಮೇಲೆ ಮೂರು ಗಂಟೆ. ನ್ಯೂಯಾರ್ಕಿನಲ್ಲಿ ಹಗಲು ಹೊತ್ತಿನ ಹಿಮಕ್ಕೆ ನಾಲ್ಕು ಗಂಟೆಯ ಗಡುವು. ಬಾಚಿದ ಹಿಮವನ್ನು ರಸ್ತೆಗೆ ತಳ್ಳುವ ಹಾಗೂ ಇಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾತ್ರ ಈ ತಲೆನೋವಿಲ್ಲ, ನಗರಪಾಲಿಕೆಯೇ ಯಂತ್ರ ಕಳಿಸಿ ಫುಟ್‌ಪಾತ್ ಬಿಡಿಸುತ್ತದೆ.

ಬೆಂಗಳೂರಲ್ಲಿ ಹಿಮ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಒಂದೆರಡು ಸಲ ಆಲಿಕಲ್ಲು ಬಿದ್ದರೆ ಮಕ್ಕಳು ಲೋಟ ತರುವಷ್ಟರಲ್ಲಿ ಕರಗಿರುತ್ತದೆ. ಆದರೆ ಜಾರಿ ಬೀಳೋದಕ್ಕೆ ಹಿಮವೇ ಆಗಬೇಕಿಲ್ಲ. ಕೊಳೆತ ಎಲೆ, ಹೊಂಗೆ ಹೂವು, ನುಣ್ಣನೆ ಕೆಸರು, ಪಾಚಿ ಕಟ್ಟಿದ ಕಲ್ಲುಚಪ್ಪಡಿ ಸಾಕು. ನಾವೋ, ಬೆಳಿಗ್ಗೆ ಎದ್ದು ನೀರು ಚಿಮುಕಿಸಿ ರಂಗೋಲಿ ಇಡುವ ಜನ. ರಂಗೋಲಿಯ ಕೊನೆ ಗೆರೆ ಎಲ್ಲಿ ಮುಗಿಯುತ್ತೋ ಅಲ್ಲಿಂದಾಚೆ "ಕಾರ್ಪೊರೇಷನ್‌ನೋರು ನೋಡ್ಕೋತಾರೆ ಬಿಡಿ".

ಲೆಕ್ಕ ಹೀಗಿದೆ. ಫುಟ್‌ಪಾತ್ ಪಾಲಿಕೆಯದು. ಒಡೆದ ಚಪ್ಪಡಿ, ಕಟ್ಟಿಕೊಂಡ ಮಳೆನೀರು ಚರಂಡಿ, ಉರುಳಿದ ಮರ, ಇವೆಲ್ಲ ಪಾಲಿಕೆಯ ಪಾಲಿಗೆ. ನಾವು ತಂದು ಸುರಿದದ್ದು ನಮ್ಮ ಪಾಲಿಗೆ: ಜಲ್ಲಿ, ಎಂ ಸ್ಯಾಂಡ್, ಕಿತ್ತ ಟೈಲ್ಸ್, ಸಾಲಾಗಿ ಇಟ್ಟ ಹೂಕುಂಡ. ಎಲೆ, ಕೆಸರು, ಪಾಚಿ ಇವೆರಡರ ನಡುವಿನವು. ಗುಡಿಸಲು ಪೌರಕಾರ್ಮಿಕರು ಬರುತ್ತಾರೆ, ನಿಜ. ಆದರೆ ರಾತ್ರಿಯೆಲ್ಲ ಮಳೆ ಸುರಿದ ಬೆಳಿಗ್ಗೆ ಅವರು ನಮ್ಮ ಕ್ರಾಸ್ ತಲುಪುವ ಮುಂಚೆಯೇ ಪಕ್ಕದ ಮನೆ ತಾತ ಹಾಲಿಗೆ ಹೊರಟಿರುತ್ತಾರೆ. ಆ ಎರಡು ಗಂಟೆ ನಮ್ಮದು ಅಂದುಕೊಂಡರೆ ಆಯಿತು.

ಮೊದಲು ತಲೆ ಎತ್ತಿ ನೋಡಿ

ಪೊರಕೆ ಹಿಡಿಯುವ ಮುಂಚೆ ಮೇಲೆ ನೋಡಿ. ಕೊಂಬೆ ತಂತಿಯ ಮೇಲೆ ಒರಗಿದೆಯಾ? ಯಾವುದಾದರೂ ತಂತಿ ನೆಲಕ್ಕೆ ಬಿದ್ದಿದೆಯಾ? ಇದ್ದರೆ ಅಲ್ಲಿಗೇ ನಿಲ್ಲಿಸಿ, ದೂರ ಸರಿದು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಕೇಬಲ್ ಟಿ.ವಿ. ತಂತಿ ಇರಬಹುದು ಅಂತ ಕೋಲಿನಲ್ಲಿ ಕೆದಕಬೇಡಿ, ಒದ್ದೆ ಕೋಲಿನಲ್ಲೂ ಕರೆಂಟ್ ಹರಿಯುತ್ತದೆ. 2023ರ ನವೆಂಬರಿನಲ್ಲಿ ವೈಟ್‌ಫೀಲ್ಡ್ ಹತ್ತಿರದ ಹೋಪ್ ಫಾರ್ಮ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಎಳೆ ಮಗು ಇಬ್ಬರೂ ತೀರಿಕೊಂಡರು. ನೀವು ನಿಂತಿರುವಷ್ಟು ಹೊತ್ತು ಆ ಕಡೆ ಬರುವವರನ್ನೂ ತಡೆಯಿರಿ.

ಬಿದ್ದ ಸಣ್ಣ ರೆಂಬೆಗಳನ್ನು ಪಕ್ಕಕ್ಕೆ ಎಳೆದು ಹಾಕಬಹುದು. ಮರದಲ್ಲೇ ಇರುವ ಕೊಂಬೆಗೆ ಕೈ ಹಾಕಬೇಡಿ. ನಿಮ್ಮ ಗೇಟಿನ ಎದುರಿಗೇ ಇದ್ದರೂ ಅನುಮತಿ ಇಲ್ಲದೆ ಮರ ಕಡಿಯುವ ಹಾಗಿಲ್ಲ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ.

ಗುಡಿಸುವುದು

ಒದ್ದೆ ಎಲೆ ಹುಲ್ಲಿನ ಪೊರಕೆಗೆ ಬಗ್ಗುವುದಿಲ್ಲ. ತೆಂಗಿನ ಕಡ್ಡಿ ಪೊರಕೆ ಬೇಕು. ಜೊತೆಗೆ ಒಂದು ಸಲಿಕೆ, ಒಂದು ಬಾಂಡ್ಲಿ, ಹಳೇ ಸಿಮೆಂಟ್ ಚೀಲ. ಮೊದಲು ಎಲೆ, ಆಮೇಲೆ ಕೆಸರು. ಎರಡೂ ಬೇರೆ ಬೇರೆ ಗುಡ್ಡೆ ಆಗಲಿ. ಎಲೆಯನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ, ಇಲ್ಲವೇ ಮರದ ಬುಡಕ್ಕೆ ಹರಡಿ. ಬೆಂಕಿ ಮಾತ್ರ ಬೇಡ, ಅದು ತಪ್ಪು ಅಂತ ಗೊತ್ತಿದ್ದೂ ಹಚ್ಚುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಕೆಸರನ್ನು ಸಿಮೆಂಟ್ ಚೀಲಕ್ಕೆ ತುಂಬಿ, ನೀರು ಇಳಿಯುವವರೆಗೆ ಗೋಡೆಗೆ ಒರಗಿಸಿಡಿ.

ನಾವೆಲ್ಲ ತಪ್ಪು ಮಾಡುವುದು ಇಲ್ಲೇ. ಗುಡಿಸಿದ್ದನ್ನು ಸುಮ್ನೆ ಚರಂಡಿ ತೂತಿಗೆ ತಳ್ಳಿಬಿಡುತ್ತೇವೆ. ಕಣ್ಣಿಗೆ ಕಾಣಲ್ಲ, ಕೆಲಸ ಮುಗಿಯಿತು. ಮುಂದಿನ ಮಳೆಗೆ ಆ ತೂತು ಕಟ್ಟಿಕೊಂಡು ನೀರು ರಸ್ತೆಯಿಂದ ವಾಪಸ್ ನಮ್ಮ ಸಂಪಿಗೇ ನುಗ್ಗುತ್ತದೆ. ಬೆಂಗಳೂರಲ್ಲಿ ಜಾಸ್ತಿ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಎರಡು ತಿಂಗಳು ಈ ತೂತುಗಳ ಬಾಯಿಗೆ ಅಡ್ಡ ಬಂದ ಎಲೆ, ಪ್ಲಾಸ್ಟಿಕ್ ಕವರನ್ನು ಹೊರಗಿನಿಂದಲೇ ತೆಗೆದುಹಾಕಿದರೆ ಅರ್ಧ ಗೆದ್ದ ಹಾಗೆ. ಒಳಗಿನ ಹೂಳು ನಮ್ಮ ಕೆಲಸವಲ್ಲ. ಚಪ್ಪಡಿ ಎತ್ತಲು ಹೋಗಬೇಡಿ. ಬೆರಳು ಜಜ್ಜಿಹೋಗುತ್ತದೆ, ಎತ್ತಿದ ಚಪ್ಪಡಿ ಸರಿಯಾಗಿ ಕೂರುವುದೂ ಇಲ್ಲ.

ಪಾಚಿ

ಪಾಚಿ ನಮ್ಮೂರಿನ ಮಂಜುಗಡ್ಡೆ. ಹಿಮದ ಊರುಗಳಲ್ಲಿ ಉಪ್ಪು ಎರಚುತ್ತಾರೆ, ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಗಟ್ಟಿಯಾಗುವುದಿಲ್ಲ ಅಂತ. ನಮಗೆ ಉಪ್ಪು ಬೇಡ, ಗಟ್ಟಿ ಬ್ರಷ್ ಸಾಕು. ಸ್ವಲ್ಪ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಲಸಿ ಹರಡಿ, ಹತ್ತು ನಿಮಿಷ ಬಿಟ್ಟು ಉಜ್ಜಿ, ತೊಳೆಯಿರಿ. ಕೈಗೆ ಗ್ಲೌಸ್ ಇರಲಿ. ಇನ್ನೂ ಬೆಳ್ಳಗಾಗಲಿ ಅಂತ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. ಮರದ ಬುಡಕ್ಕೂ ಈ ನೀರು ಹೋಗದಿರಲಿ. ಸೋಪಿನ ಪುಡಿ ಹಾಕಿ ಅರ್ಧಂಬರ್ಧ ತೊಳೆದರೆ ಮುಂಚಿಗಿಂತ ಜಾಸ್ತಿ ಜಾರುತ್ತದೆ. ಇದು ನನ್ನ ಮೊಣಕಾಲಿನ ಅನುಭವ.

ತೊಳೆಯಲು ಕಾವೇರಿ ನೀರಿನ ಪೈಪ್ ಬಿಡಬೇಡಿ. 2024ರ ಮಾರ್ಚಿನಲ್ಲಿ ನೀರಿಗೆ ಪರದಾಟ ಆದಾಗ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು, ನೆನಪಿದೆ ಅಲ್ವಾ? ಹಿಡಿದಿಟ್ಟ ಮಳೆ ನೀರು, ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಇದಕ್ಕೆ ಧಾರಾಳ.

ಟೇಪ್ ಹಿಡಿಯಿರಿ

ಗುಡಿಸಿ ಆದ ಮೇಲೆ ನಡೆಯಲು ಎಷ್ಟು ಜಾಗ ಉಳಿದಿದೆ ಅಳೆಯಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ, ಅಡ್ಡಿಯಿಲ್ಲದೆ ಇರಬೇಕು. ನಾನು ಅಳೆದಾಗ ಮೂರಡಿಯೂ ಇರಲಿಲ್ಲ. ಅಡ್ಡ ಇದ್ದದ್ದು ನನ್ನದೇ ಏಳು ಕುಂಡ, ಜೊತೆಗೊಂದು 'ನೋ ಪಾರ್ಕಿಂಗ್' ಬೋರ್ಡು! ಕುಂಡಗಳು ಈಗ ತಾರಸಿ ಮೇಲಿವೆ. ಹಾಗಂತ ಮೂಲೆಯಲ್ಲಿ ಕೂರುವ ಸೊಪ್ಪಿನಜ್ಜಿಯನ್ನು ಎಬ್ಬಿಸಲು ಹೋಗಬೇಡಿ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ, ಅದು ನಿಮ್ಮ ತೀರ್ಮಾನವಲ್ಲ.

ದೂರು ಕೊಡುವುದು

ಉಳಿದದ್ದಕ್ಕೆ ದೂರು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಅಂತ ತಿಳಿದಿಟ್ಟುಕೊಳ್ಳಿ. ಚಪ್ಪಡಿ, ಮಳೆನೀರು ಚರಂಡಿ, ಮರಕ್ಕೆ 1533. ಉಕ್ಕುತ್ತಿರುವ ನೀರು ಕಕ್ಕಸಿನ ವಾಸನೆ ಹೊಡೆದರೆ ಅದು ಒಳಚರಂಡಿ, ಜಲಮಂಡಳಿಯ 1916ಕ್ಕೆ ಹೇಳಬೇಕು. ಇದು ತಪ್ಪಿದರೆ "ನಮ್ದಲ್ಲ, ಅವ್ರದ್ದು" ಅಂತಲೇ ವಾರ ಕಳೆಯುತ್ತದೆ.

ಫೋನ್ ಮಾಡುವ ಮುಂಚೆ ಎರಡು ಫೋಟೊ ತೆಗೆಯಿರಿ. ಒಂದು ಹತ್ತಿರದಿಂದ, ಇನ್ನೊಂದರಲ್ಲಿ ಪಕ್ಕದ ಅಂಗಡಿಯ ಬೋರ್ಡೋ ಕರೆಂಟ್ ಕಂಬದ ನಂಬರೋ ಕಾಣಬೇಕು. "ರಸ್ತೆ ಸರಿ ಇಲ್ಲ" ಅನ್ನಬೇಡಿ. "ಇಂಥ ಮೇನ್, ಇಂಥ ಕ್ರಾಸ್, ಇಷ್ಟನೇ ನಂಬರ್ ಮನೆ ಎದುರು ಚಪ್ಪಡಿ ಮುರಿದು ಎರಡಡಿ ತೂತು ಬಿದ್ದಿದೆ" ಅನ್ನಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬೇಡಿಕೊಳ್ಳುವ ದನಿ ಬೇಡ. ಸರಿಯಾದ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿಯಡಿ ಪಾದಚಾರಿಗಳ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲೇ ಹೇಳಿದೆ.

ಅವರು ಬರುವವರೆಗೆ ತೂತಿನ ಮೇಲೆ ಎದ್ದು ಕಾಣುವ ಹಾಗೆ ಒಂದು ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿ. ದೂರು ಮುಚ್ಚಲಾಗಿದೆ ಅಂತ ಮೆಸೇಜ್ ಬಂದು, ತೂತು ಮಾತ್ರ ಮುಚ್ಚಿರದಿದ್ದರೆ, ಅದೇ ಕೆಂಪು ಬಟ್ಟೆಯ ಫೋಟೊ ತೆಗೆದು ಹಳೇ ನಂಬರಿನ ಜೊತೆ ಮತ್ತೆ ಕಳಿಸಿ.